ಥೆಲಾನ್ ನದಿಗೆ ದೋಣಿ ಹಾಕೋ ಯೋಚನೆ: ಬೋಳು ಬಯಲಲ್ಲಿ ಕಾಡು ಹೇಗೆ? ಕ್ಯಾರಿಬು ಯಾವಾಗ ಸಿಗುತ್ತೆ?

ಗಂಗೊಳ್ಳಿ_ಹೊಳೆ:
ಎಲ್ಲರಿಗೂ ನಮಸ್ಕಾರ. ಎಡ್ಮಂಟನ್‌ಗೆ ಬಂದು ಏಳು ವರ್ಷ ಆಯ್ತು. ಕೆಲಸದ ಜಾಗದಲ್ಲಿ ಮೂವರು ಬರೋ ಜುಲೈಗೆ ಉತ್ತರ ಕೆನಡಾದ ಥೆಲಾನ್ ನದಿಯಲ್ಲಿ ದೋಣಿ ಹಾಕ್ತಿದ್ದಾರೆ. ಎರಡು ದೋಣಿ, ನಾಲ್ಕನೇ ಜನ ಬೇಕು ಅಂತ ನನ್ನನ್ನ ಕರೆದಿದ್ದಾರೆ. ಹೊಳೆಬಾಗಿಲಲ್ಲೇ ಹುಟ್ಟಿ ಬೆಳೆದವನು ನಾನು, ನೀರಿಗೆ ಹೆದರಲ್ಲ. ಆದ್ರೆ ನಕ್ಷೆ ನೋಡಿ ಸ್ವಲ್ಪ ಎದೆ ನಡುಗಿತು. ಯೆಲ್ಲೋನೈಫ್‌ನಿಂದ ಪೂರ್ವಕ್ಕೆ ಹೋದ್ರೆ ರಸ್ತೆ ಇಲ್ಲ, ಊರಿಲ್ಲ. ನೀರಿನ ಮೇಲೆ ಇಳಿಯೋ ಸಣ್ಣ ವಿಮಾನದಲ್ಲಿ ಬಿಟ್ಟು ಬರ್ತಾರೆ. ಅಲ್ಲಿಂದ ಹುಟ್ಟು ಹಾಕ್ತಾ ಹೋದ್ರೆ ಮುಂದಿನ ಊರು ಬೇಕರ್ ಲೇಕ್. ನಡುವೆ ಯಾರೂ ಇಲ್ಲ.

ಎರಡು ಪ್ರಶ್ನೆ. ಉಪಗ್ರಹ ಚಿತ್ರದಲ್ಲಿ ಸುತ್ತ ಎಲ್ಲ ಬೋಳು ಬಯಲು, ನದಿಯ ಎರಡೂ ದಡದಲ್ಲಿ ಮಾತ್ರ ಹಸಿರು ಗೆರೆ. ಮರವೇ ಬೆಳೆಯದ ಜಾಗದಲ್ಲಿ ಅದು ಹೇಗೆ ಬಂತು? ಇನ್ನೊಂದು, ಕ್ಯಾರಿಬು (ಅಲ್ಲಿನ ಹಿಮಸಾರಂಗ) ಹಿಂಡು ನೋಡಬೇಕು ಅಂದ್ರೆ ಯಾವ ವಾರ ಹೋಗಬೇಕು? ನನಗೆ ಅದೇ ಮುಖ್ಯ. ಸಾವಿರಾರು ಕ್ಯಾರಿಬು ಒಟ್ಟಿಗೆ ನದಿ ದಾಟೋದನ್ನ ಒಂದು ಸಲ ಕಣ್ಣಾರೆ ನೋಡಬೇಕು.

ಅಪ್ಪಯ್ಯನಿಗೆ ಫೋನ್‌ನಲ್ಲಿ ಹೇಳಿದೆ. "ಜುಲೈಯಾ? ಮಳೆಗಾಲದಲ್ಲಿ ಯಾರು ದೋಣಿ ಇಳಿಸ್ತಾರೆ?" ಅಂದ್ರು.

ತುಂಗಾ_ತೀರ:
ಅಪ್ಪಯ್ಯ ಸರಿಯಾಗಿಯೇ ಕೇಳಿದ್ದಾರೆ. ಅಲ್ಲಿ ಮಳೆಗಾಲ ಯಾವಾಗ?

ಹುಟ್ಟು_ಹಾಕುವವ:
ಮಳೆಗಾಲ ಅನ್ನೋದೇ ಇಲ್ಲ. ಮಳೆ, ಹಿಮ ಎರಡೂ ಸೇರಿಸಿದರೂ ವರ್ಷಕ್ಕೆ 300 ಮಿಲಿಮೀಟರ್ ಆಗಲ್ಲ. ಆಗುಂಬೆಯಲ್ಲಿ ಅಷ್ಟು ಮಳೆ ಎರಡು ದಿನದಲ್ಲಿ ಬೀಳುತ್ತೆ. ಆದ್ರೂ ಎಲ್ಲಿ ನೋಡಿದ್ರೂ ನೀರು, ಯಾಕಂದ್ರೆ ಕೆಳಗಡೆ ನೆಲ ವರ್ಷಪೂರ್ತಿ ಹೆಪ್ಪುಗಟ್ಟಿರುತ್ತೆ, ನೀರು ಇಂಗೋಕೆ ದಾರಿಯೇ ಇಲ್ಲ. ನದಿ ಉಕ್ಕೋದು ಜೂನ್‌ನಲ್ಲಿ, ಹಿಮ ಕರಗಿದಾಗ.

ನಾನು ಈ ನದಿಯನ್ನ ಒಂದು ಸಲ ಮಾಡಿದ್ದೇನೆ, ಹ್ಯಾನ್‌ಬರಿ ಉಪನದಿಯ ಕಡೆಯಿಂದ ಇಳಿದು. ಉದ್ದ ಸುಮಾರು 900 ಕಿಲೋಮೀಟರ್. ಮೇಲಿನ ಭಾಗದಲ್ಲಿ ಕಣಿವೆ, ಜಲಪಾತ ಇವೆ. ಅಲ್ಲಿ ದೋಣಿ, ಸಾಮಾನು ಎಲ್ಲ ಹೊತ್ತುಕೊಂಡೇ ನಡೀಬೇಕು. ಹ್ಯಾನ್‌ಬರಿಯ ಡಿಕ್ಸನ್ ಕಣಿವೆ, ಹೆಲೆನ್ ಜಲಪಾತ ದಾಟೋಕೆ ನಮ್ಮ ಭುಜ ಕಿತ್ತು ಬಂತು. ಆಮೇಲೆ ಎರಡು ನದಿ ಸೇರಿದ ಮೇಲೆ ಹರಿವು ಅಗಲ, ಶಾಂತ, ಮರಳು ದಡ. ಕೊನೆಗೆ ಬೆವರ್ಲಿ, ಅಬರ್ಡೀನ್, ಶುಲ್ಟ್ಸ್ ಅಂತ ಮೂರು ದೊಡ್ಡ ಸರೋವರ. ಅಪಾಯ ಅಂದ್ರೆ ಅಲ್ಲೇ. ಜುಲೈ ಮೊದಲಲ್ಲಿ ಸರೋವರದ ಮೇಲೆ ಇನ್ನೂ ಮಂಜುಗಡ್ಡೆ ಇರಬಹುದು. ಗಾಳಿ ಎದ್ದರೆ ಎರಡು ಮೂರು ದಿನ ಡೇರೆಯಲ್ಲೇ ಕೂರಬೇಕು. ಶುಲ್ಟ್ಸ್ ದಾಟಿದ ಮೇಲೆ ಅಲೆಕ್ಸೆಕ್ಟೋಕ್ ಅನ್ನೋ ಕಡೆ ನೀರಿನ ರಭಸ. ಹೊಳೆಬಾಗಿಲ ಅನುಭವ ಅಲ್ಲಿ ಕೆಲಸಕ್ಕೆ ಬರಲ್ಲ. ಆ ನೀರಿಗೆ ಬಿದ್ದರೆ ಕೆಲವೇ ನಿಮಿಷದಲ್ಲಿ ಕೈಬೆರಳು ಮಾತು ಕೇಳಲ್ಲ.

ಭೂಗರ್ಭ_ಧಾರವಾಡ:
ಮರದ ಪ್ರಶ್ನೆಗೆ ನಾ ಹೇಳ್ತೀನ್ರಿ. ಹಿಮಯುಗದಾಗ ಆ ಇಡೀ ಸೀಮೆ ಮ್ಯಾಲೆ ಕಿಲೋಮೀಟರ್‌ಗಟ್ಟಲೆ ದಪ್ಪ ಹಿಮ ಕುಂತಿತ್ತು. ಅದು ಕರಗಿ ಹೋಗೂಮುಂದ ಮರಳು, ಮೆಕ್ಕಲು ಕಣಿವ್ಯಾಗ ಬಿಟ್ಟು ಹೋತು. ಸುತ್ತಲಿನ ಬಯಲಾಗ ಬರೀ ಬಂಡಿ, ತೆಳು ಮಣ್ಣು. ಕಣಿವ್ಯಾಗ ಮಾತ್ರ ಆಳ ಮರಳು ಮಣ್ಣು, ಬ್ಯಾಸಿಗ್ಯಾಗ ಆಳದ ತನಕ ಕರಗ್ತದ, ನೀರು ಬಸೀತದ, ಬೇರಿಗೆ ಜಾಗ ಸಿಗ್ತದ. ಗಾಳಿಗೆ ದಂಡಿ ಅಡ್ಡ ಐತಿ. ಮತ್ತ ನದಿ ಬರೂದು ನೈಋತ್ಯದಿಂದ, ಕಾಡಿನ ಸೀಮಿ ಕಡಿಂದ, ಸ್ವಲ್ಪ ಬೆಚ್ಚಗಿನ ನೀರು ಹೊತಗೊಂಡು. ಇಷ್ಟೂ ಕೂಡಿ ಸೂಜಿ ಎಲಿ ಸ್ಪ್ರೂಸ್ ಮರ ಬಯಲಿನ ನಡುವ ಬದುಕ್ಯಾವ.

ಇನ್ನೊಂದು ಮಾತು. ಕೆಲವು ಸಾವಿರ ವರ್ಷದ ಹಿಂದ ಹವಾ ಇನ್ನೂ ಬೆಚ್ಚಗಿತ್ತು, ಕಾಡಿನ ಅಂಚು ಇನ್ನೂ ಉತ್ತರಕ್ಕ ಇತ್ತು. ಆಮ್ಯಾಲೆ ಚಳಿ ಹೆಚ್ಚಾತು, ಕಾಡು ಹಿಂದ ಸರೀತು, ಕಣಿವ್ಯಾಗಿನ ಮರ ಉಳಕೊಂಡವು. ಕರೇ ಸ್ಪ್ರೂಸ್ ಬೀಜ ಕಟ್ಟಲಿಕ್ಕೆ ಬೆಚ್ಚಗಿನ ಬ್ಯಾಸಿಗಿ ಬೇಕು, ಆದರ ಬೀಜ ಇಲ್ಲದನೂ ಬೆಳೀತದ. ಕೆಳಗಿನ ಟೊಂಗಿ ನೆಲಕ್ಕ ತಾಗಿದಲ್ಲಿ ಪಾಚಿ ಮುಚ್ಚಿ ಬೇರು ಬಿಡ್ತದ. ನಮ್ಮ ಕಡೆ ಮಲ್ಲಿಗಿ ಬಳ್ಳಿ ಬಾಗಿಸಿ ಮಣ್ಣಾಗ ಹೂಳೂದಿಲ್ಲೇನು, ಹಂಗ.

ಹಕ್ಕಿಹಿಂದೆ:
ಎಂಥ ಚಂದ ವಿವರಣೆ ಸರ್. ಮಲ್ಲಿಗೆ ಹೋಲಿಕೆ ಮನಸ್ಸಲ್ಲೇ ಉಳೀತು.

ನಕ್ಷೆ_ನಾಗೇಂದ್ರ:
ಒಂದು ತಿದ್ದುಪಡಿ. ನೀವೆಲ್ಲ ಇದನ್ನ ಆರ್ಕ್ಟಿಕ್ ತರ ಮಾತಾಡ್ತಿದ್ದೀರಿ. ಆರ್ಕ್ಟಿಕ್ ವೃತ್ತ 66.5 ಡಿಗ್ರಿ. ಥೆಲಾನ್ ಹೆಚ್ಚೂಕಡಿಮೆ 64ರ ಸುತ್ತಮುತ್ತ. ಹಾಗಾಗಿ ಉಪ-ಆರ್ಕ್ಟಿಕ್.

ಹುಟ್ಟು_ಹಾಕುವವ:
ಅಕ್ಷಾಂಶದ ಗೆರೆ ಸಸ್ಯಕ್ಕೂ ಪ್ರಾಣಿಗೂ ಗೊತ್ತಿಲ್ಲ ಸ್ವಾಮಿ. ಜುಲೈನ ಸರಾಸರಿ ಉಷ್ಣಾಂಶ 10 ಡಿಗ್ರಿ ಮುಟ್ಟುತ್ತಾ ಇಲ್ವಾ ಅನ್ನೋದರ ಮೇಲೆ ಮರ ನಿಲ್ಲುತ್ತೆ, ಬೀಳುತ್ತೆ. ನಾರ್ವೆಯಲ್ಲಿ 70 ಡಿಗ್ರಿಯಲ್ಲೂ ಮರ ಇದೆ, ಹಡ್ಸನ್ ಕೊಲ್ಲಿಯ ಪಕ್ಕ 60ಕ್ಕೇ ಮರ ಮುಗೀತು.

ನಕ್ಷೆ_ನಾಗೇಂದ್ರ:
ಬೇಕರ್ ಲೇಕ್‌ನಲ್ಲಿ ಜುಲೈ ಸರಾಸರಿ 11 ದಾಟುತ್ತೆ. ನಿಮ್ಮ ಲೆಕ್ಕದಲ್ಲೇ ನಾನು ಹೇಳಿದ್ದು ಸರಿ ಆಯ್ತಲ್ಲ. ಅಲ್ಲಿ ಮರ ಯಾಕಿಲ್ಲ ಹಾಗಾದ್ರೆ?

ಭೂಗರ್ಭ_ಧಾರವಾಡ:
ಇಬ್ಬರದೂ ಅರ್ಧರ್ಧ ಖರೇ ಐತಿ. ಆ ನದಿ ಎರಡೂ ಸೀಮಿ ನಡುವಿನ ಹೊಸ್ತಿಲು. ಅದಕ್ಕs ಅಲ್ಲಿ ಮೂಸ್ ಅನ್ನೂ ದೊಡ್ಡ ಜಿಂಕಿ ಮತ್ತ ಮಸ್ಕ್ ಆಕ್ಸ್ ಒಂದ ಕಣಿವ್ಯಾಗ ಮೇಯ್ತಾವ. ಕಾಡಿಂದ ಒಂದು, ಬಯಲಿಂದ ಒಂದು.

ಹಕ್ಕಿಹಿಂದೆ:
ಮಸ್ಕ್ ಆಕ್ಸ್ ಅಂದಾಕ್ಷಣ ನೆನಪಾಯ್ತು. ಕೆಲವರು ಕಸ್ತೂರಿ ಎತ್ತು ಅಂತ ಬರೀತಾರೆ. ಅದಕ್ಕೆ ಕಸ್ತೂರಿ ಗ್ರಂಥಿಯೂ ಇಲ್ಲ, ಅದು ಎತ್ತೂ ಅಲ್ಲ, ಕುರಿ ಮೇಕೆಗೆ ಹತ್ತಿರದ ಸಂಬಂಧಿ. ಅಲ್ಲಿನ ಮೂಲನಿವಾಸಿ ಇನುಯಿಟ್ ಜನ ಉಮಿಂಗ್ಮಾಕ್ ಅಂತಾರೆ, ಗಡ್ಡದವನು ಅಂತ ಅರ್ಥ. ಎಷ್ಟು ಸರಿಯಾದ ಹೆಸರು ನೋಡಿ. ಒಳಗಿನ ಉಣ್ಣೆಗೆ ಕಿವಿಯುಟ್ ಅಂತಾರೆ, ಕುರಿ ಉಣ್ಣೆಗಿಂತ ಎಷ್ಟೋ ಬೆಚ್ಚಗೆ.

ತೋಳ ಬಂದ್ರೆ ದೊಡ್ಡವೆಲ್ಲ ಕರುಗಳನ್ನ ಒಳಗೆ ಹಾಕ್ಕೊಂಡು ಸುತ್ತ ಕೋಟೆ ಕಟ್ಟಿ ನಿಲ್ತವೆ, ಕೊಂಬು ಹೊರಗೆ. ತೋಳದ ಮುಂದೆ ಈ ಉಪಾಯ ನಡೀತು, ಬಂದೂಕಿನ ಮುಂದೆ ನಡೀಲಿಲ್ಲ. ಒಂದೇ ಜಾಗದಲ್ಲಿ ನಿಂತ ಹಿಂಡನ್ನ ಪೂರ್ತಿ ಹೊಡೆದು ಹಾಕಿದ್ರು. ಅಲ್ಲಿನ ಕಾಡೆಮ್ಮೆ (ಬೈಸನ್) ಚರ್ಮ ಮುಗಿದ ಮೇಲೆ ಜಾರುಗಾಡಿಯಲ್ಲಿ ಹೊದ್ದುಕೊಳ್ಳೋಕೆ ಇದರ ಚರ್ಮಕ್ಕೆ ಬೇಡಿಕೆ ಬಂತು. 1917ರಲ್ಲಿ ಕೆನಡಾ ಬೇಟೆ ನಿಷೇಧಿಸೋ ಹೊತ್ತಿಗೆ ಈ ಭಾಗದಲ್ಲಿ ಉಳಿದದ್ದು ಬೆರಳೆಣಿಕೆಯ ಹಿಂಡು. 1927ರಲ್ಲಿ ಥೆಲಾನ್ ಅಭಯಾರಣ್ಯ ಮಾಡಿದ್ದೇ ಇವುಗಳಿಗಾಗಿ. ಈಗ ಅದರ ವಿಸ್ತಾರ 52,000 ಚದರ ಕಿಲೋಮೀಟರ್, ನಮ್ಮ ಕೇರಳಕ್ಕಿಂತ ದೊಡ್ಡದು. ಒಳಗೆ ಒಂದು ರಸ್ತೆಯೂ ಇಲ್ಲ. ಇವತ್ತು ಮಸ್ಕ್ ಆಕ್ಸ್ ಅಭಯಾರಣ್ಯದ ಗಡಿ ದಾಟಿ ಹೊರಗೂ ಹರಡಿವೆ.

ಗಂಗೊಳ್ಳಿ_ಹೊಳೆ:
ತುಂಬಾ ಥ್ಯಾಂಕ್ಸ್ ಎಲ್ಲರಿಗೂ. ಆದ್ರೆ ಕ್ಯಾರಿಬು ಪ್ರಶ್ನೆಗೆ ಯಾರೂ ಉತ್ತರ ಕೊಟ್ಟಿಲ್ಲ.

ಹುಟ್ಟು_ಹಾಕುವವ:
ಬೇಕಂತಲೇ ಕೊಟ್ಟಿಲ್ಲ. ನಾನು 32 ದಿನ ಆ ನದಿ ಮೇಲಿದ್ದೆ. ಕಂಡ ಕ್ಯಾರಿಬು ಎಷ್ಟು ಗೊತ್ತಾ? ಹನ್ನೊಂದು. ದಡದಲ್ಲಿ ಅವುಗಳ ಕಾಲುದಾರಿ ಮಾತ್ರ ಎಲ್ಲೆಲ್ಲೂ, ಒಂದರ ಪಕ್ಕ ಒಂದು, ಗದ್ದೆ ಉತ್ತ ಸಾಲಿನ ಹಾಗೆ ನೆಲದಲ್ಲಿ ಕೊರೆದು ಹೋಗಿದೆ. ನೀರಿನ ಅಂಚಲ್ಲಿ ಉದುರಿದ ಕೂದಲು ಬಿಳಿ ಗೆರೆಯಾಗಿ ನಿಂತಿತ್ತು. ಅಂದ್ರೆ ಕೆಲವೇ ದಿನದ ಹಿಂದೆ ಸಾವಿರಾರು ದಾಟಿ ಹೋಗಿವೆ. ನಮಗೆ ಸಿಗಲಿಲ್ಲ. ನಮ್ಮ ಹಿಂದೆ ಒಂದು ವಾರ ತಡವಾಗಿ ಬಂದ ಗುಂಪಿಗೆ ಡೇರೆ ಸುತ್ತ ರಾತ್ರಿಯಿಡೀ ಗೊರಸಿನ ಟಕಟಕ ಸದ್ದು ಕೇಳಿತಂತೆ.

ಜೂನ್ ಮೊದಲಲ್ಲಿ ಉತ್ತರದಲ್ಲಿ ಮರಿ ಹಾಕ್ತವೆ. ಆಮೇಲೆ ಸೊಳ್ಳೆ ಕಾಟಕ್ಕೆ ದೊಡ್ಡ ಹಿಂಡಾಗಿ ಸೇರಿ ದಕ್ಷಿಣಕ್ಕೆ ಸರೀತವೆ. ಜುಲೈ ಕೊನೆ, ಆಗಸ್ಟ್‌ನಲ್ಲಿ ನದಿ ಕಿರಿದಾಗೋ ಕಡೆ ದಾಟಬಹುದು. ಬಹುದು ಅಷ್ಟೇ.

ಮೈಸೂರು_ಮೇಷ್ಟ್ರು:
ಇದೇ "ಬಹುದು" ನಂಬಿ ಸತ್ತವರ ಕಥೆ ಆ ನದಿ ದಡದಲ್ಲೇ ಇದೆ. ಜಾನ್ ಹಾರ್ನ್‌ಬಿ ಅಂತ ಒಬ್ಬ ಇಂಗ್ಲಿಷ್ ಮನುಷ್ಯ. ಆ ಬಯಲಲ್ಲಿ ಎಷ್ಟೋ ಚಳಿಗಾಲ ಕಳೆದವನು. 1924-25ರಲ್ಲಿ ಮರಳು ದಿಣ್ಣೆಯೊಂದರಲ್ಲಿ ಗುಹೆ ತೋಡಿ ಚಳಿಗಾಲ ಕಳೆದು, 1925ರ ಬೇಸಿಗೆಯಲ್ಲಿ ಥೆಲಾನ್ ಇಳಿದು, ಇಲ್ಲಿನ ಪ್ರಾಣಿಗಳಿಗೆ ರಕ್ಷಿತ ಪ್ರದೇಶ ಬೇಕು ಅಂತ ಸರ್ಕಾರಕ್ಕೆ ವರದಿ ಕೊಟ್ಟ. 1926ರಲ್ಲಿ ಮತ್ತೆ ಹೊರಟ. ಜೊತೆಗೆ 18 ವರ್ಷದ ಸಂಬಂಧಿ ಹುಡುಗ ಎಡ್ಗರ್ ಕ್ರಿಶ್ಚಿಯನ್, ಮತ್ತೆ ಹೆರಾಲ್ಡ್ ಆಡ್ಲರ್ಡ್. ಹೆಚ್ಚು ಆಹಾರ ಒಯ್ಯಲಿಲ್ಲ, ಶರತ್ಕಾಲದ ಕ್ಯಾರಿಬು ಹೊಡೆದು ಚಳಿಗಾಲಕ್ಕೆ ಇಟ್ಟುಕೊಳ್ಳೋ ಲೆಕ್ಕ. ಇವರು ಮುಟ್ಟೋ ಹೊತ್ತಿಗೆ ಹಿಂಡು ದಾಟಿ ಹೋಗಿತ್ತು. ಮೂಳೆ ಕುಟ್ಟಿ, ಚರ್ಮ ಬೇಯಿಸಿ ತಿಂದರು. 1927ರ ಏಪ್ರಿಲ್‌ನಲ್ಲಿ ಹಾರ್ನ್‌ಬಿ ಹೋದ, ಮೇ ತಿಂಗಳಲ್ಲಿ ಆಡ್ಲರ್ಡ್. ಹುಡುಗ ಕೊನೆಯವರೆಗೂ ಡೈರಿ ಬರೆದು ಅದನ್ನ ತಣ್ಣಗಾದ ಒಲೆಯೊಳಗೆ ಭದ್ರವಾಗಿಟ್ಟು ಜೂನ್ ಮೊದಲಲ್ಲಿ ತೀರಿಕೊಂಡ. ಪೊಲೀಸರು ಅಲ್ಲಿಗೆ ತಲುಪಿದ್ದು 1929ರಲ್ಲಿ. ಮುರುಕು ಗುಡಿಸಲು, ಮೂರು ಶಿಲುಬೆ ಅಲ್ಲೇ ಇವೆ.

ತುಂಗಾ_ತೀರ:
ಎಂಥ ಧೈರ್ಯ! ಅವನ ವರದಿಯಿಂದ ಅಭಯಾರಣ್ಯ ಆಯ್ತು, ಅವನು ಸತ್ತ ವರ್ಷವೇ. ಇಂಥವರಿಗೆ ಕೈ ಮುಗೀಬೇಕು.

ಉತ್ತರದ_ನರ್ಸ್:
ನಾನು ಒಪ್ಪೂದಿಲ್ಲ ಮಾರಾಯ್ರೆ. ಧೈರ್ಯ ಅವನದ್ದು, ಜೀವ ಆ ಹುಡುಗನದ್ದು ಅಲ್ವಾ? ಹದಿನೆಂಟು ವರ್ಷದ ಮಗನನ್ನು ಬೇರೆಯವರ ಮನೆಯಿಂದ ಕರಕೊಂಡು ಹೋಗಿ ಊಟ ಇಲ್ಲದ ಜಾಗದಲ್ಲಿ ಕೂರಿಸುದು ಯಾವ ಧೈರ್ಯ? ನಾನು ಬೇಕರ್ ಲೇಕ್‌ನಲ್ಲಿ ಎರಡು ಸಲ ಕಾಂಟ್ರಾಕ್ಟ್ ಮೇಲೆ ನರ್ಸ್ ಆಗಿ ಇದ್ದೆ, ಒಟ್ಟು ಹದಿನಾಲ್ಕು ತಿಂಗಳು. ಅಲ್ಲಿನ ಅಜ್ಜಿಯರ ಹತ್ತಿರ ಹಸಿವಿನ ವಿಷಯ ಯಾರೂ ಸಾಹಸ ಅಂತ ಮಾತಾಡುದಿಲ್ಲ.

ಆ ಊರಿನ ಇನುಯಿಟ್ ಹೆಸರು ಕಮಾನಿತುಆಕ್, ಹೊಳೆ ಅಗಲ ಆಗುವ ಜಾಗ ಅಂತ. ನುನಾವುಟ್ ಅನ್ನುವ ಆ ಇಡೀ ಪ್ರಾಂತ್ಯದಲ್ಲಿ ಸಮುದ್ರ ತೀರದಲ್ಲಿ ಇಲ್ಲದ ಊರು ಅದೊಂದೇ. ಬೇರೆ ಕಡೆಯ ಇನುಯಿಟ್‌ಗೆ ಸೀಲ್ ಉಂಟು, ತಿಮಿಂಗಿಲ ಉಂಟು. ಇವರ ಹಿರಿಯರಿಗೆ ಕ್ಯಾರಿಬು ಮತ್ತು ಮೀನು, ಅಷ್ಟೇ. ಊಟ, ಬಟ್ಟೆ, ಡೇರೆ, ನೂಲು ಎಲ್ಲ ಅದೇ. 1957-58ರ ಚಳಿಗಾಲದಲ್ಲಿ ಗ್ಯಾರಿ ಲೇಕ್ ಕಡೆ ಕ್ಯಾರಿಬು ಸಿಗದೆ ಜನ ಹಸಿವಿನಿಂದ ಸತ್ತರು. ಉಳಿದವರನ್ನು ಬೇಕರ್ ಲೇಕ್‌ಗೆ ತಂದರು. ನನ್ನ ಕ್ಲಿನಿಕ್‌ಗೆ ಬರ್ತಿದ್ದ ಒಬ್ಬರು ಅಜ್ಜಿ ಆಗ ಸಣ್ಣ ಹುಡುಗಿ. ಅವರು ತಟ್ಟೆಯಲ್ಲಿ ಒಂದು ಚೂರು ಕೊಬ್ಬು ಬಿಟ್ಟದ್ದನ್ನು ನಾನು ನೋಡಲಿಲ್ಲ.

ಮತ್ತೆ ಮರದ ವಿಷಯ. ಆ ಕಾಡು ಅವರಿಗೆ ಹೊಸತಲ್ಲ. ಬೆವರ್ಲಿ ಸರೋವರದ ಕಡೆಗೆ ಅಕಿಲಿನ್ನಿಕ್ ಅಂತಾರೆ. ಮರವೇ ಇಲ್ಲದ ಕರಾವಳಿಯಿಂದ ಜಾರುಗಾಡಿಗೆ ಮರ ತರ್ಲಿಕ್ಕೆ ಎಷ್ಟೋ ದೂರ ನಡಕೊಂಡು ಅಲ್ಲಿಗೆ ಬರ್ತಿದ್ರಂತೆ. ಬೇರೆ ಬೇರೆ ಪಂಗಡದವರು ಅಲ್ಲೇ ಸೇರಿ ವ್ಯಾಪಾರ ಮಾಡುದು, ಸಂತೆ ಹಾಗೆ.

ತುಂಗಾ_ತೀರ:
ಮೇಡಂ, ಹುಡುಗನ ವಿಷಯ ನಾನು ಯೋಚಿಸಿರಲಿಲ್ಲ. ನಿಮ್ಮ ಮಾತು ಒಪ್ಪಿದೆ. ವರದಿಗೆ ಮಾತ್ರ ಕೈ ಮುಗೀತೀನಿ.

ಮೈಸೂರು_ಮೇಷ್ಟ್ರು:
ಆ ಅಭಯಾರಣ್ಯದಲ್ಲಿ ಡೆನೆ (ಇನ್ನೊಂದು ಮೂಲನಿವಾಸಿ ಜನ), ಇನುಯಿಟ್ ಇಬ್ಬರ ಬೇಟೆಯನ್ನೂ ನಿಲ್ಲಿಸಿದ್ದರು ಅನ್ನೋದನ್ನೂ ಸೇರಿಸಿ. ಮಸ್ಕ್ ಆಕ್ಸ್ ಮುಗಿಸಿದ್ದು ಚರ್ಮದ ವ್ಯಾಪಾರ, ಬೇಲಿ ಬಿದ್ದದ್ದು ಆ ನೆಲದ ಜನಕ್ಕೆ. ಲುಟ್ಸೆಲ್ ಕೆ ಊರಿನ ಡೆನೆ ಜನಕ್ಕೆ ಮೇಲಿನ ಥೆಲಾನ್ ಅಂದ್ರೆ ಸೃಷ್ಟಿ ಶುರುವಾದ ಜಾಗ. ನಮಗೆ ತಲಕಾವೇರಿ ಇದ್ದ ಹಾಗೆ ಅಂದ್ಕೊಳ್ಳಿ.

ನಕ್ಷೆ_ನಾಗೇಂದ್ರ:
ಕ್ಯಾರಿಬು ಈಗ ಎಷ್ಟಿವೆ?

ಹಕ್ಕಿಹಿಂದೆ:
ಥೆಲಾನ್ ಕಡೆಯ ಬೆವರ್ಲಿ ಹಿಂಡು 1994ರಲ್ಲಿ ಸುಮಾರು 2,76,000 ಇತ್ತು. 2018ರ ಎಣಿಕೆಯಲ್ಲಿ 1,03,000 ಆಸುಪಾಸು. ಪಶ್ಚಿಮದ ಬಾಥರ್ಸ್ಟ್ ಹಿಂಡಿನ ಕಥೆ ಕೇಳಿದ್ರೆ ಹೊಟ್ಟೆ ಉರಿಯುತ್ತೆ. 1986ರಲ್ಲಿ 4,70,000. 2021ರಲ್ಲಿ ಸುಮಾರು 6,200.

ನಕ್ಷೆ_ನಾಗೇಂದ್ರ:
ಬೆವರ್ಲಿ ಲೆಕ್ಕದಲ್ಲಿ ಒಂದು ಸಿಕ್ಕು ಇದೆ. ಅವು ಮೊದಲು ಮರಿ ಹಾಕ್ತಿದ್ದ ಒಳನಾಡು ಖಾಲಿಯಾಯ್ತು, ಉತ್ತರ ಕರಾವಳಿಗೆ ಹೋಗಿ ಅಲ್ಲಿನ ಅಹಿಯಾಕ್ ಹಿಂಡಿನ ಜೊತೆ ಮರಿ ಹಾಕೋಕೆ ಶುರು ಮಾಡಿದವು. ಸತ್ತು ಕಡಿಮೆಯಾದವಾ, ಜಾಗ ಬದಲಿಸಿದವಾ ಅಂತ ವಿಜ್ಞಾನಿಗಳಲ್ಲೇ ಜಗಳ. ಆಗಿನ ಎಣಿಕೆ ಮತ್ತು ಈಗಿನದು ಒಂದೇ ಹಿಂಡಿನದು ಅಂತ ನೇರವಾಗಿ ಕಳೆಯೋಕೆ ಆಗಲ್ಲ.

ಹಕ್ಕಿಹಿಂದೆ:
ಒಪ್ಪಿದೆ. ಆದ್ರೆ ಬಾಥರ್ಸ್ಟ್‌ಗೆ ಆ ಸಮಜಾಯಿಷಿ ಇಲ್ಲ. ಲಕ್ಷಗಟ್ಟಲೆ ಪ್ರಾಣಿ ಪಕ್ಕದ ಮನೆಗೆ ಹೋಗಿ ಕೂತಿದ್ರೆ ಅಲ್ಲಿ ಕಾಣಬೇಕಿತ್ತು.

ಭೂಗರ್ಭ_ಧಾರವಾಡ:
ಇನ್ನ ಯುರೇನಿಯಂ ಬಗ್ಗೆ ಯಾರೂ ಮಾತಾಡಲಿಲ್ಲ. ಆ ನದಿ ತಳದಾಗ ಥೆಲಾನ್ ಮರಳುಗಲ್ಲು ಐತಿ, ನೂರಾ ಐವತ್ತು ಕೋಟಿ ವರ್ಷಕ್ಕೂ ಹಳೇದು. ಹಳೇ ಶಿಲೆ ಮ್ಯಾಲೆ ಮರಳುಗಲ್ಲು ಕುಂತ ಸಂದಿನ್ಯಾಗ ಯುರೇನಿಯಂ ಸೇರಿಕೊಂಡಿರ್ತದ. ನಮ್ಮ ಬೆಳಗಾವಿ ಜಿಲ್ಲೆ ದೇಶನೂರಾಗ ಸಿಕ್ಕಿದ್ದು ಬಾದಾಮಿ ಮರಳುಗಲ್ಲಿನ್ಯಾಗ, ಅದs ಜಾತಿ ಶಿಲೆ. ಬಾದಾಮಿ ಗುಡ್ಡದ ಕೆಂಪು ನೋಡಿದವರಿಗೆ ಥೆಲಾನ್ ದಂಡಿ ಗುರುತು ಹತ್ತೂದು ಕಷ್ಟ ಅಲ್ಲ. ಗಣಿ ಬಂದರ ತಪ್ಪೇನು ಅಂತ ನಾ ಕೇಳ್ತೀನಿ. ಇಂಗಾಲ ಕಡಿಮಿ ಮಾಡಬೇಕು ಅಂತೀರಿ, ಅಣುಶಕ್ತಿಗೆ ಅದಿರು ಎಲ್ಲಿಂದ ಬರಬೇಕು?

ತುಂಗಾ_ತೀರ:
ಸರ್, ಕುದುರೆಮುಖದ ಗಣಿ ನಿಲ್ಲೋಕೆ 2005ರ ಡಿಸೆಂಬರ್ ಬರಬೇಕಾಯ್ತು, ಅದೂ ಸುಪ್ರೀಂ ಕೋರ್ಟ್ ಹೇಳಿದ ಮೇಲೆ. ಅಷ್ಟರಲ್ಲಿ ಭದ್ರೆ ಎಷ್ಟು ಮಳೆಗಾಲ ಕೆಂಪಗೆ ಹರಿದಳು ಅಂತ ನಾವು ಕಣ್ಣಾರೆ ಕಂಡಿದ್ದೇವೆ. ಕಬ್ಬಿಣದ ಕೆಸರಿಗೇ ಹಾಗಾಯ್ತು.

ಉತ್ತರದ_ನರ್ಸ್:
ಬೇಕರ್ ಲೇಕ್‌ನಲ್ಲೂ ಇದೇ ಚರ್ಚೆ ಊರಿಡೀ. ಊರಿನ ಪಶ್ಚಿಮಕ್ಕೆ ಕಿಗಾವಿಕ್ ಅಂತ ಯುರೇನಿಯಂ ಯೋಜನೆ ಇತ್ತು. 2015ರಲ್ಲಿ ನುನಾವುಟ್‌ನ ಪರಿಶೀಲನಾ ಮಂಡಳಿ ಬೇಡ ಅಂತು, ಗಣಿ ಯಾವಾಗ ಶುರು ಅಂತಲೇ ಕಂಪನಿ ಹೇಳಲಿಲ್ಲ ಅನ್ನುದು ಮುಖ್ಯ ಕಾರಣ. 2016ರಲ್ಲಿ ಕೇಂದ್ರ ಸರ್ಕಾರವೂ ಮಂಡಳಿಯ ಮಾತೇ ಸರಿ ಅಂತು. ಆದರೆ ಊರಿನವರೆಲ್ಲ ವಿರೋಧ ಅಂತ ತಿಳಕೊಳ್ಳಬೇಡಿ. ಉತ್ತರಕ್ಕೆ ಚಿನ್ನದ ಗಣಿ 2010ರಿಂದ ಉಂಟು, ಅದರಿಂದ ಎಷ್ಟೋ ಮನೆಗೆ ಸಂಬಳ ಬಂತು. ಒಂದೇ ಮನೆಯಲ್ಲಿ ಅಪ್ಪ ಕ್ಯಾರಿಬು ದಾರಿ ತಪ್ಪಿತು ಅಂತ ಬೈತಾರೆ, ಮಗ ಗಣಿಯಲ್ಲಿ ಲಾರಿ ಓಡಿಸ್ತಾನೆ. ದೂರದಲ್ಲಿ ಕೂತು ಅವರಿಗೆ ಯಾವುದು ಸರಿ ಅಂತ ನಾವು ಹೇಳ್ಳಿಕ್ಕೆ ಆಗುದಿಲ್ಲ.

ಮೈಸೂರು_ಮೇಷ್ಟ್ರು:
ಮೇಲಿನ ಥೆಲಾನ್‌ನಲ್ಲಿ ಸ್ಕ್ರೀಚ್ ಲೇಕ್ ಹತ್ತಿರ ಬರೀ ಕೊರೆದು ನೋಡ್ತೀವಿ ಅಂದಿದ್ದಕ್ಕೇ ಡೆನೆ ಜನ ವಿರೋಧಿಸಿ 2007ರಲ್ಲಿ ನಿಲ್ಲಿಸಿದ್ರು. ಇನ್ನು ಆ ಸೀಮೆಗೆ ಯುರೇನಿಯಂ ಆಕಾಶದಿಂದಲೂ ಬಿದ್ದಿದೆ! 1978ರ ಜನವರಿ 24ರಂದು ಸೋವಿಯತ್‌ನ ಕಾಸ್ಮೋಸ್ 954 ಉಪಗ್ರಹ ಕೆಳಗೆ ಬಂತು, ಒಳಗೆ ಅಣು ರಿಯಾಕ್ಟರ್. ಆ ಚಳಿಗಾಲ ಥೆಲಾನ್ ದಡದ ವಾರ್ಡನ್ಸ್ ಗ್ರೋವ್ ಗುಡಿಸಲಿನಲ್ಲಿ ಆರು ಯುವಕರು ಉಳಿದಿದ್ದರು. ನಾಯಿಗಾಡಿಯಲ್ಲಿ ಹೋದ ಇಬ್ಬರಿಗೆ ಹಿಮದ ಮೇಲೆ ಬಾಗಿದ ಲೋಹದ ತುಂಡು ಕಾಣಿಸಿತು. ಭೂಮಿ ಮೇಲೆ ಅಷ್ಟು ಖಾಲಿ ಜಾಗದಲ್ಲಿ ಅದು ಬೀಳೋದು, ಅಲ್ಲೇ ಇವರು ಇರೋದು! ಆಮೇಲೆ ಸೈನ್ಯ, ವಿಕಿರಣ ಅಳೆಯೋ ವಿಮಾನ ಎಲ್ಲ ಬಂತು. 1981ರಲ್ಲಿ ಸೋವಿಯತ್ 30 ಲಕ್ಷ ಡಾಲರ್ ಪರಿಹಾರ ಕೊಟ್ಟಿತು.

ಗಂಗೊಳ್ಳಿ_ಹೊಳೆ:
ಇದನ್ನೆಲ್ಲ ಅಪ್ಪಯ್ಯನಿಗೆ ಹೇಳೋದಿಲ್ಲ ನಾನು.

ಹಕ್ಕಿಹಿಂದೆ:
ಸ್ವಲ್ಪ ಹಕ್ಕಿ ಕಡೆ ಬರೋಣ. ಜುಲೈನಲ್ಲಿ ಥೆಲಾನ್‌ನಲ್ಲಿ ಸಾವಿರಾರು ಕೆನಡಾ ಹೆಬ್ಬಾತು ನೋಡ್ತೀರಿ. ದೂರದ ದಕ್ಷಿಣದಿಂದ ಅಲ್ಲಿಗೆ ಬರೋದೇ ಗರಿ ಉದುರಿಸೋಕೆ. ಹಾರೋ ಗರಿ ಎಲ್ಲ ಒಟ್ಟಿಗೆ ಬಿದ್ದು ಕೆಲವು ವಾರ ಹಾರೋಕೆ ಆಗಲ್ಲ. ದೋಣಿ ಕಂಡ್ರೆ ಗಾಬರಿಯಾಗಿ ದಡ ಹತ್ತಿ ಓಡ್ತವೆ. ದಯವಿಟ್ಟು ಅಟ್ಟಿಸ್ಕೊಂಡು ಹೋಗಬೇಡಿ, ದೂರದಿಂದ ಸುತ್ತಿಕೊಂಡು ಹೋಗಿ. ಬಂಡೆಗೋಡೆಗಳಲ್ಲಿ ಪೆರೆಗ್ರಿನ್, ಜೈರ್ ಫಾಲ್ಕನ್ ಅನ್ನೋ ಗಿಡುಗಗಳ ಗೂಡು ಸಿಗುತ್ತೆ.

ತುಂಗಾ_ತೀರ:
ಗದಗ ಹತ್ತಿರ ಮಾಗಡಿ ಕೆರೆಗೆ ಬರೋ ಹೆಬ್ಬಾತು ಇವೇನಾ?

ಹಕ್ಕಿಹಿಂದೆ:
ಅಲ್ಲ. ಮಾಗಡಿಗೆ ಬರೋದು ಪಟ್ಟೆತಲೆ ಹೆಬ್ಬಾತು, ಹಿಮಾಲಯ ದಾಟಿ ಮಂಗೋಲಿಯಾ ಕಡೆಯಿಂದ. ಮಾಗಡಿ ಕೆರೆ 2024ರಲ್ಲಿ ರಾಮ್ಸಾರ್ ಅನ್ನೋ ಅಂತರರಾಷ್ಟ್ರೀಯ ಜೌಗುಪ್ರದೇಶಗಳ ಪಟ್ಟಿಗೆ ಸೇರಿತು, ಗೊತ್ತಿರಲಿ.

ಹುಟ್ಟು_ಹಾಕುವವ:
ಡೇರೆ ಹಾಕೋಕೆ ಎಸ್ಕರ್ ಹುಡುಕಿ. ಹಿಮದಡಿಯ ಹೊಳೆಗಳು ಬಿಟ್ಟುಹೋದ ಮರಳು ದಿಣ್ಣೆ, ಉದ್ದಕ್ಕೆ ರೈಲ್ವೆ ಏರಿಯ ಹಾಗೆ ಹೋಗುತ್ತೆ. ಗಾಳಿ ಬೀಸುತ್ತೆ, ಸೊಳ್ಳೆ ಕಡಿಮೆ. ಆದ್ರೆ ತೋಳಗಳೂ ಅಲ್ಲೇ ಗುಹೆ ತೋಡ್ತವೆ, ಯಾಕಂದ್ರೆ ಬೇರೆ ಕಡೆ ಹೆಪ್ಪುನೆಲ ಅಗೆಯೋಕೆ ಆಗಲ್ಲ. ತೂತು ಕಂಡ್ರೆ ಬೇರೆ ದಿಣ್ಣೆ ನೋಡಿ. ಕರಡಿಯೂ ಇದೆ, ಗ್ರಿಜ್ಲಿ. ಊಟದ ಡಬ್ಬ ಡೇರೆಯಿಂದ ದೂರ ಇಡಿ. ನಮ್ಮ ಅಕ್ಕಿ ಚೀಲ ಹರಿದದ್ದು ಮಾತ್ರ ಕರಡಿ ಅಲ್ಲ, ಸಿಕ್‌ಸಿಕ್ ಅನ್ನೋ ನೆಲ ಅಳಿಲು.

ಭೂಗರ್ಭ_ಧಾರವಾಡ:
ಆ ಅಳಿಲು ಸಣ್ಣದಲ್ರೀ. ಚಳಿಗಾಲದ ನಿದ್ದ್ಯಾಗ ಅದರ ಮೈ ಉಷ್ಣತೆ ಸೊನ್ನಿಗಿಂತ ಕೆಳಗ, ಮೈನಸ್ 2.9ರ ತನಕ ಇಳೀತದ. ರಕ್ತ ಮಾತ್ರ ಹೆಪ್ಪುಗಟ್ಟೂದಿಲ್ಲ.

ಗಂಗೊಳ್ಳಿ_ಹೊಳೆ:
ಎರಡು ದಿನ ಇದನ್ನೇ ಓದ್ತಾ ಕೂತಿದ್ದೆ. ಹೋಗೋದು ಅಂತ ನಿರ್ಧಾರ ಮಾಡಿದೆ. ಜೊತೆಯವರಿಗೆ ಹೇಳಿ ಹೊರಡೋದನ್ನ ಎರಡು ವಾರ ಮುಂದಕ್ಕೆ ಹಾಕಿದ್ದೀವಿ, ಸರೋವರದ ಮಂಜು ಬಿಡಲಿ ಅಂತ. ಕ್ಯಾರಿಬು ಸಿಗದಿದ್ರೆ ಕಾಲುದಾರಿ ನೋಡ್ಕೊಂಡು ಬರ್ತೀನಿ. ಊಟ ಮಾತ್ರ ಲೆಕ್ಕಕ್ಕಿಂತ ಹತ್ತು ದಿನ ಹೆಚ್ಚಿಗೆ ಒಯ್ಯೋದು ಅಂತ ನಾನೇ ಹಠ ಹಿಡಿದೆ. ಹಾರ್ನ್‌ಬಿಯ ಗುಡಿಸಲಿನ ಹತ್ತಿರ ಒಂದು ರಾತ್ರಿ ಉಳೀಬೇಕು ಅಂತಿದೆ, ಆ ಹುಡುಗನಿಗಾಗಿ.

ಉತ್ತರದ_ನರ್ಸ್:
ಒಳ್ಳೇದು. ಸೊಳ್ಳೆ ಪರದೆಯ ಟೊಪ್ಪಿ ಒಬ್ಬೊಬ್ಬರಿಗೆ ಎರಡೆರಡು ತಗೊಳ್ಳಿ, ಒಂದು ಹರಿದೇ ಹರೀತದೆ. ಕಪ್ಪು ನೊಣ ಕಾಲರ್, ಕೈಪಟ್ಟಿಯ ಸಂದಿನಲ್ಲಿ ಒಳಗೆ ಹೋಗ್ತದೆ, ಘಟ್ಟದ ಉಂಬಳದ ಹಾಗೆ ರಕ್ತ ಸುರಿದ ಮೇಲೇ ಗೊತ್ತಾಗುದು. ಊರು ಮುಟ್ಟಿದ ಮೇಲೆ ಅಲ್ಲಿನ ಹೆರಿಟೇಜ್ ಸೆಂಟರ್‌ಗೆ ಹೋಗಿ. ನಿಮ್ಮ ನಕ್ಷೆ ತೋರಿಸಿ ಎಲ್ಲೆಲ್ಲಿ ಕ್ಯಾರಿಬು ಕಂಡಿರಿ, ಎಷ್ಟು, ಯಾವ ದಿಕ್ಕಿಗೆ ಹೋಗ್ತಿತ್ತು ಅಂತ ಹೇಳಿ. ಹನ್ನೊಂದೇ ಆದರೂ ಹೇಳಿ. ಅವರು ಮೊದಲು ಕೇಳುದೇ ಅದನ್ನು.

ಹುಟ್ಟು_ಹಾಕುವವ:
ನಮ್ಮನ್ನೂ ಅದನ್ನೇ ಕೇಳಿದ್ರು. ದಡಕ್ಕೆ ಬಂದ ಒಬ್ಬ ಮುದುಕರು, ದೋಣಿ ಎಳೆಯೋಕೆ ಕೈ ಕೊಟ್ಟು, ಹೆಸರು ಕೇಳೋದಕ್ಕೂ ಮೊದಲು.